ಕುಲಸುಮಬಿ ಮುಟ್ಟಿ ನೋಡಿದ ಹೊಟ್ಟೆ

ನನ್ನ ಐವತ್ತೆರಡನೆಯ ಹುಟ್ಟುಹಬ್ಬದ ದಿನ ನಾನು ಕುರ್ಚಿಯೊಳಗೆ ಬಿದ್ದೆ. ಕುರ್ಚಿಯಿಂದ ಬಿದ್ದವರು ನಮ್ಮ ಜಿಲ್ಲೆಯಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಕುರ್ಚಿಯೊಳಗೆ ಬಿದ್ದವನು ನಾನೊಬ್ಬನೇ ಇರಬೇಕು.

ಅಫಜಲಪುರ ಊರು ದಾಟಿದ ಮೇಲೆ ತೊಗರಿ ಹೊಲಗಳ ನಡುವೆ 'ಇಳಿಸಂಜೆ' ಎಂಬ ಒಂದು ವೃದ್ಧಾಶ್ರಮ. ಅಲ್ಲಿ ಇಪ್ಪತ್ತೆಂಟು ಮಂದಿ ಹಿರಿಯರು, ಇಬ್ಬರು ಆಯಾಗಳು, ಒಬ್ಬ ಅಡುಗೆಯವ, ಗೇಟಿಗೆ ಒಬ್ಬ, ಮತ್ತು ಒಂದು ಸಮಿತಿ. ಸಮಿತಿಯಲ್ಲಿ ಹನ್ನೊಂದು ಜನ. ಅಂದರೆ ಇಪ್ಪತ್ತೆಂಟು ಮಂದಿಯನ್ನು ಎತ್ತಿ ಕೂರಿಸಲಿಕ್ಕೆ ಇಬ್ಬರು, ಆ ಇಬ್ಬರನ್ನು ಬೈಯಲಿಕ್ಕೆ ಹನ್ನೊಂದು. ನಾನು ಆಳಂದದವನು, ನರೋಣಾದ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರ, ಯಾರಾದರೂ ಕರೆದರೆ ಭಾನುವಾರಕ್ಕೊಮ್ಮೆ ನಗೆಮಾತಿನ ಭಾಷಣಕಾರ. ಯಾರೂ ಕರೆಯದಿದ್ದರೆ ಮನೆಯಲ್ಲೇ ಭಾಷಣ ಮಾಡುತ್ತೇನೆ. ನನ್ನ ಹೆಂಡತಿ ಭುವನೇಶ್ವರಿ ಟಿವಿಯ ದನಿ ಏರಿಸುತ್ತಾಳೆ. ಈ ಸಲ ಕೇಕು ಗೀಕು ಬೇಡ, ಹಿರಿಯರಿಗೆ ಒಂದು ಹೊತ್ತು ಹೋಳಿಗೆ ಊಟ ಹಾಕಿಸೋಣ ಅಂದವಳು ಅವಳೇ. ಪುಣ್ಯದ ಕೆಲಸ, ಜೊತೆಗೆ ನನ್ನ ಭಾಷಣಕ್ಕೆ ಎದ್ದು ಹೋಗಲಾರದ ಇಪ್ಪತ್ತೆಂಟು ಮಂದಿ. ಒಪ್ಪಿದೆ.

ವೇದಿಕೆಯ ಮೇಲೆ ನನಗೊಂದು ಕುರ್ಚಿ ಹಾಕಿದ್ದರು. ಉಳಿದವೆಲ್ಲ ಪ್ಲಾಸ್ಟಿಕ್ ಕುರ್ಚಿಗಳು. ಇದೊಂದಕ್ಕೆ ಮಾತ್ರ ಉಕ್ಕಿನ ಕಾಲು, ಎರಡು ಕಡೆ ಹಿಡಿಕೆ, ಮೇಲೆ ಜರಿ ಶಾಲು. ಆಶ್ರಮದ ಸೆಕ್ರೆಟರಿ ಸತೀಶಕುಮಾರ ನನಗೆ ಹಾರ ಹಾಕಿದರು. ಊರಲ್ಲಿ ಗೊಬ್ಬರದ ಅಂಗಡಿ ಇಟ್ಟಿರುವ ಬಿಳಿ ಇಸ್ತ್ರಿಯ ಮನುಷ್ಯ. ನಾನು ಕೈಮುಗಿದು, ಗಣ್ಯರು ಕೂರುವ ಗತ್ತಿನಲ್ಲಿ ಧೊಪ್ಪನೆ ಕೂತೆ. ಶಾಲು ಒಳಗೆ ಹೋಯಿತು. ಅದರ ಹಿಂದೆ ನಾನೂ ಹೋದೆ. ಮೊಣಕಾಲು ಎದೆಗೆ ಬಂದವು, ಹಾರ ಮೂಗಿಗೆ ಬಂತು. ಮುಂದಿನ ಸಾಲಿನಲ್ಲಿದ್ದ ಕಲ್ಯಾಣಪ್ಪ ಎಂಬ ನಿವೃತ್ತ ಗುಮಾಸ್ತರು ಇದೂ ಕಾರ್ಯಕ್ರಮದ ಭಾಗವೆಂದು ಚಪ್ಪಾಳೆ ತಟ್ಟಿದರು.

ಆಗ ಗೋಡೆಯ ಪಕ್ಕ ನಿಂತಿದ್ದ ಹೆಂಗಸೊಬ್ಬರು ಸೀರೆ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ವೇದಿಕೆ ಹತ್ತಿದರು. ನನ್ನ ಎರಡೂ ಕಂಕುಳಲ್ಲಿ ಕೈ ಹಾಕಿ, ದಿನಾ ಮಾಡುವ ಕೆಲಸವೆಂಬಂತೆ, ಒಂದೇ ಜಗ್ಗಿಗೆ ಮೇಲೆತ್ತಿದರು. ಎತ್ತುತ್ತಲೇ ಕಿವಿಯಲ್ಲಿ ಹೇಳಿದರು:

"ಇದು ಸಂಡಾಸ ಕುರ್ಚಿ ರೀ ಸರ. ಮುಂಜಾನೆ ಗಡಿಬಿಡ್ಯಾಗ ಮುಚ್ಚಳ ಹಾಕೋದು ಮರ್ತೇನಿ. ನಿಮ್ದು ಮುಗೀತಂದ್ರ ಒಯ್ತೇನಿ, ಗೌರವ್ವ ಕೂಡಬೇಕು."

ಅವರೇ ಕುಲಸುಮಬಿ. ನನ್ನನ್ನು ಇಷ್ಟು ಸಲೀಸಾಗಿ ಅಷ್ಟು ಮಂದಿಯ ಮುಂದೆ ಎತ್ತಿದವರು ಬೇರೆ ಯಾರೂ ಇಲ್ಲ.

ಭಾಷಣ ಮಾಡಿದೆ. ಮಾಡದೆ ಬಿಡುವ ಜಾತಿಯಲ್ಲ ನಮ್ಮದು. ಹದಿನೈದು ವರ್ಷದಿಂದ ನನ್ನ ಅನ್ನಕ್ಕೆ ದಾರಿಯಾಗಿರುವ ಒಂದು ಜೋಕಿದೆ: ನಾಲ್ಕು ದಿನ ಹೊಟ್ಟೆ ಕಟ್ಟಿದ ಮಾವ ಅಳಿಯನ ಮನೆಗೆ ಬಂದು, ಮನೆಗಿರುವ ಒಂದೇ ಪಾಯಖಾನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದ ತನಕ ಕೂತು, ಹೊರಗೆ ಅಳಿಯ ಕುಣಿಯುವುದು. ಕುಣಿದು ತೋರಿಸಿದೆ. ಸಮಿತಿಯ ಹನ್ನೊಂದು ಜನ ಹೊಟ್ಟೆ ಹಿಡಿದು ನಕ್ಕರು. ಹಿರಿಯರಲ್ಲಿ ನಕ್ಕವರು ಕಡಿಮೆ. ನನ್ನ ಮಾತು ಅವರಿಗೆ ಕೇಳಿಸಿಲ್ಲ ಎಂದುಕೊಂಡು ಇನ್ನಷ್ಟು ಜೋರಾಗಿ ಕುಣಿದೆ.

ಊಟಕ್ಕೆ ಕೂತಾಗ ಕುಲಸುಮಬಿ ನೀರು ತಂದಿಟ್ಟರು. ಜೋಕ್ ಹೆಂಗಿತ್ತು ಎಂದು ನಾನೇ ಕೇಳಿದೆ; ಕೇಳದೆ ಇರಲಾರೆ.

"ಚಲೋ ಇತ್ರಿ. ಖರೆ ಆ ಮಾವ ಮುಂದ ಸತ್ನೋ ಬದುಕಿದ್ನೋ, ಅದೊಂದು ಹೇಳ್ಲೇ ಇಲ್ಲ ನೀವು."

ಮುಖದಲ್ಲಿ ನಗೆಯಿಲ್ಲ, ಸಿಟ್ಟೂ ಇಲ್ಲ. ಬಸ್ ಎಷ್ಟು ಗಂಟೆಗೆ ಎಂದು ಕೇಳಿದ ಹಾಗೆ ಕೇಳಿದರು. ಊಟ ಆದ ಮೇಲೆ ಯಾರೂ ಕರೆಯದಿದ್ದರೂ ಅವರ ಹಿಂದೆ ಹೋದೆ.

ಕುಲಸುಮಬಿ ಹುಟ್ಟಿದ್ದು ಜೇವರ್ಗಿಯಲ್ಲಿ. ಉರ್ದು ಶಾಲೆಯಲ್ಲಿ ನಾಲ್ಕನೇ ಇಯತ್ತೆಯ ತನಕ ಓದು. ಗಂಡ ಟೇಲರ್, ತೀರಿಹೋಗಿ ಬಹಳ ವರ್ಷವಾಯಿತು. ಜೇವರ್ಗಿಯ ಒಂದು ಖಾಸಗಿ ದವಾಖಾನೆಯಲ್ಲಿ ಹತ್ತೊಂಬತ್ತು ವರ್ಷ ಆಯಾ ಆಗಿದ್ದರು. ಅಲ್ಲಿದ್ದ ಹಿರಿಯ ನರ್ಸ್ ಒಬ್ಬರು ರೋಗಿಯ ಹೊಟ್ಟೆಯ ಮೇಲೆ ಅಂಗೈ ಇಟ್ಟು ತಿಳಿಯುವುದನ್ನು ಇವರಿಗೆ ಕಲಿಸಿದರಂತೆ: ಮೆತ್ತಗಿದ್ದರೆ ಏನು, ಬಿಗಿದಿದ್ದರೆ ಏನು, ಎಡಗಡೆ ಕೆಳಗೆ ಗಂಟು ಗಂಟು ಹತ್ತಿದರೆ ಏನು. ಆ ದವಾಖಾನೆ ಮುಚ್ಚಿದ ಮೇಲೆ ತಮ್ಮನ ಊರಾದ ಅಫಜಲಪುರಕ್ಕೆ ಬಂದರು, ಇಳಿಸಂಜೆಗೆ ಸೇರಿದರು. ಈಗ ಐವತ್ತೆಂಟು. ಆಶ್ರಮದವರೆಲ್ಲ ಅವರಿಗೆ ಆಪಾ, ಅಂದರೆ ಅಕ್ಕ, ಅನ್ನುತ್ತಾರೆ. ಆ ದಿನದಿಂದ ನಾನೂ.

ಆಪಾ ಬೆಳಿಗ್ಗೆ ಐದೂವರೆಗೆ ಇಪ್ಪತ್ತೆಂಟು ಮಂಚದ ಮುಂದೆ ಒಂದು ಸುತ್ತು ಹಾಕುತ್ತಾರೆ. ಹೆಂಗದೀರಿ, ನಿದ್ದಿ ಬಂತೇನ್ರಿ ಎಂಬುದೆಲ್ಲ ಇಲ್ಲ. ಒಂದೇ ಪ್ರಶ್ನೆ: "ಆತಾ?" ಉತ್ತರವೂ ಎರಡೇ: ಆತು, ಇಲ್ಲ. ಅಲ್ಲಿ ನಮಸ್ಕಾರದ ಜಾಗದಲ್ಲಿ ಇದೇ ನಡೆಯುತ್ತದೆ. ಉಗ್ರಾಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಮಂಚದ ನಂಬರು ಬರೆದುಕೊಂಡಿದ್ದರು. ಹೋದವರಿಗೆ ಗೆರೆ, ಹೋಗದವರಿಗೆ ಸೊನ್ನೆ. ಮೂರು ಸೊನ್ನೆ ಆದವರಿಗೆ ಬಿಸಿನೀರು, ಬೆಲ್ಲ ಹಾಕಿದ ಜೋಳದ ಅಂಬಲಿ. ಬೆಳಗಿನ ಚಹಾ ಕುಡಿದ ಕಾಲು ತಾಸಿಗೆ ಕರಳು ಎಚ್ಚರಾಗುತ್ತದಂತೆ. ಆಗಲೇ ಕೂರಿಸಬೇಕು, ಕುರ್ಚಿಯಾದರೆ ಕಾಲ ಕೆಳಗೆ ಎರಡು ಇಟ್ಟಂಗಿ ಇಟ್ಟು ಮೊಣಕಾಲು ಮೇಲೆ ಬರುವಂತೆ ಮಾಡಬೇಕು, ಬಾಗಿಲು ಮುಚ್ಚಬೇಕು, ಅವಸರ ಮಾಡಬಾರದು. ಬಾಗಿಲ ಮುಂದೆ ಆಪಾ ತಾವೇ ಕಾವಲು ಕೂರುತ್ತಾರೆ, ಗಂಡಸರು ಬಂದು ಕದ ಬಡಿಯದ ಹಾಗೆ. ಮೂವತ್ತು ವರ್ಷ ಮರಾಠಿ ಮಾಸ್ತರಿಕೆ ಮಾಡಿದವರೂ, ಹೊಲ ಗೇಯ್ದವರೂ, ಬಳೆ ಮಾರಿದವರೂ ಆ ಕದದ ಹಿಂದೆ ಒಂದೇ. ಹೊರಗೆ ಯಾರಾದರೂ ಕೆಮ್ಮಿದರೆ ಒಳಗೆ ಬಂದದ್ದು ಹಿಂದೆ ಹೋಗುತ್ತದೆ.

ಉಗ್ರಾಣದ ಆ ಗೋಡೆಗೆ ಈಗ ಸುಣ್ಣ ಹೊಡೆದಿದ್ದರು. ದಾನಿಗಳು ನೋಡಿದರೆ ಚೆನ್ನಾಗಿರುವುದಿಲ್ಲ ಅಂತ ಸತೀಶಕುಮಾರ ಹೊಡೆಸಿದ್ದು. ಆ ಉಕ್ಕಿನ ಕುರ್ಚಿಯೂ ದಾನದ್ದೇ. ಬೆನ್ನಿಗೆ 'ಸ್ಮರಣಾರ್ಥ' ಅಂತ ಹೆಸರು ಬರೆಸಿದ್ದರಿಂದ ಆಫೀಸಿನಲ್ಲಿ ಕಾಣುವ ಹಾಗೆ ಇಟ್ಟಿದ್ದರು. ಸಮಾರಂಭವಿದ್ದರೆ ಮುಚ್ಚಳ ಹಾಕಿ, ಶಾಲು ಹೊದಿಸಿ, ಮುಖ್ಯ ಅತಿಥಿಗೆ. ಮೂರು ಪಾಯಖಾನೆ ಅಂಗಳದ ಆ ತುದಿಯಲ್ಲಿ, ಕುಕ್ಕರಗಾಲಲ್ಲಿ ಕೂರುವಂಥವು. ಮೊಣಕಾಲು ಮಡಚಲು ಬಾರದವರು ಏನು ಮಾಡಬೇಕು? ತಡೆದುಕೊಳ್ಳಬೇಕು. ತಡೆದುಕೊಳ್ಳಲಿಕ್ಕೆ ಏನು ಮಾಡಬೇಕು? ನೀರು ಕುಡಿಯಬಾರದು. ಅದಕ್ಕೂ ಆಶ್ರಮ ಅನುಕೂಲ ಮಾಡಿಕೊಟ್ಟಿತ್ತು: ಹಾಸಿಗೆ ಒದ್ದೆಯಾಗುತ್ತವೆ ಅಂತ ಸಂಜೆ ನಾಲ್ಕಕ್ಕೆ ನೀರಿನ ಕೊಡ ಒಳಗೆ ಇಟ್ಟು ಬೀಗ ಹಾಕುತ್ತಿದ್ದರು.

ಅಡುಗೆಮನೆಯ ಮುಂದೆ ಒಂದು ಕರಿಹಲಗೆ. ತಿಂಗಳ ಮೂವತ್ತೂ ದಿನ ಭರ್ತಿ. ಯಾರದೋ ಮಗಳ ಹುಟ್ಟುಹಬ್ಬ, ಯಾರದೋ ಅಪ್ಪನ ಪುಣ್ಯತಿಥಿ, ಯಾರೋ ಹೊಸ ಟ್ರ್ಯಾಕ್ಟರ್ ತಂದದ್ದು. ಎಲ್ಲರೂ ತರುವುದು ಒಂದೇ: ಬಿಳಿ ಅನ್ನ, ಮೈದಾ ಹೋಳಿಗೆ, ಬುಂದಿ, ಭಜಿ. ಸಂಜೆಗೂ ಅದರಲ್ಲೇ ಮಿಕ್ಕಿದ್ದು. ನಮ್ಮ ಸೀಮೆಯಲ್ಲಿ ಮುದುಕರಿಗೆ ಸಿಹಿ ಬಡಿಸದೆ ರೊಟ್ಟಿ ಬಡಿಸಿದರೆ ಅದು ದಾನವೇ ಅಲ್ಲ. ಎಂಬತ್ತು ವರ್ಷ ಜೋಳದ ರೊಟ್ಟಿ, ಪುಂಡಿಪಲ್ಯ, ನುಚ್ಚು ಮಜ್ಜಿಗೆ ತಿಂದು ಬೆಳೆದ ಕರಳಿಗೆ ನಾವು ದಿನಾ ಮೈದಾ ಮೆತ್ತುತ್ತಿದ್ದೆವು, ಮೆತ್ತಿ ಫೋಟೋ ತೆಗೆಸಿಕೊಳ್ಳುತ್ತಿದ್ದೆವು. ಹಲಗೆಯ ಆ ದಿನದ ಸಾಲಿನಲ್ಲಿ ದುಂಡಗೆ ಬರೆದಿತ್ತು ನನ್ನ ಹೆಸರು.

ಒಂಬತ್ತನೇ ಮಂಚದಲ್ಲಿ ಗೌರಾಬಾಯಿ ಮಲಗಿದ್ದರು. ಕಿಣ್ಣಿ ಸುಲ್ತಾನ ಎಂಬ ಹಳ್ಳಿಯವರು, ಎಪ್ಪತ್ತೆಂಟು ವರ್ಷ. ಐವತ್ತು ವರ್ಷ ತೊಗರಿ ರಾಶಿ ಮಾಡಿದ ಕೈ, ಅದಕ್ಕೆ ತಕ್ಕ ಬಾಯಿ. ಆಶ್ರಮದಲ್ಲಿ ಬೈಸಿಕೊಳ್ಳದವರಿಲ್ಲ: ಅಡುಗೆಯವನಿಗೆ ಉಪ್ಪಿನ ಬೈಗಳು, ಕಲ್ಯಾಣಪ್ಪನಿಗೆ ಗೊರಕೆಯ ಬೈಗಳು, ದೇವರಿಗೂ ದಿನಕ್ಕೊಂದು. ಆ ಬಾಯಿ ಮೂರು ದಿನದಿಂದ ಮುಚ್ಚಿದೆ ಅಂತ ಆಪಾ ಹೇಳಿದರು. ಅವರಿಗೆ ಮೊದಲ ಹೆದರಿಕೆ ಹುಟ್ಟಿದ್ದೇ ಅದರಿಂದ. ಮಲವಿಸರ್ಜನೆ ಸರಿಯಾಗಿ ಆಗಿ ಅಂದಿಗೆ ಏಳು ದಿನ. ಬೆಳಿಗ್ಗೆ ಆಪಾ ಆ ಕುರ್ಚಿಯನ್ನು ಕದ್ದು ಒಯ್ದು ಕೂರಿಸಿದ್ದರು, ಏನೂ ಆಗಿರಲಿಲ್ಲ. ಅಷ್ಟರಲ್ಲಿ ಅತಿಥಿ ಬಂದರು ಅಂತ ಕುರ್ಚಿ ಕಸಿದುಕೊಂಡಿದ್ದರು. ಆ ಅತಿಥಿ ಯಾರು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಆದರೆ ಗೌರಾಬಾಯಿಗೆ ಕೊಡುತ್ತಿದ್ದ ಔಷಧ ಭೇದಿ ನಿಲ್ಲಿಸುವುದು. ಹಾಸಿಗೆಯಲ್ಲಿ ನೀರು ನೀರಾಗಿ ಸೋರಿದ್ದನ್ನು ನೋಡಿ ಸತೀಶಕುಮಾರ, ತಿಂಗಳಿಗೊಮ್ಮೆ ಬರುವ ಡಾಕ್ಟರಿಗೆ ಫೋನಿನಲ್ಲಿ 'ಭೇದಿ ಹತ್ಯಾದ' ಅಂದರು. ಡಾಕ್ಟರು ಫೋನಿನಲ್ಲೇ ಗುಳಿಗೆ ಹೇಳಿದರು. ಮೊಣಕಾಲು ನೋವಿಗೆ ಒಂದು, ರಕ್ತ ಹೆಚ್ಚಲಿಕ್ಕೆ ಕಬ್ಬಿಣದ್ದೊಂದು, ಅವೂ ಮೊದಲಿನಿಂದ ನಡೆದಿದ್ದವು. ಈಗ ಇದೊಂದು. ಭೇದಿ ಅಂದರೆ ಹೊಟ್ಟೆ ಸಡಿಲಾಗಿದೆ ಅಂತಲ್ಲವೇ ಎಂದು ನಾನೂ ಕೇಳಿದೆ, ಓದಿದವನಲ್ಲವೇ. ಆಪಾ ಅಂದರು:

"ಸೊನ್ನ ಊರಾಗ ಭೀಮಾ ಹೊಳಿಗಿ ಬ್ಯಾರೇಜ್ ಕಟ್ಯಾರಲ್ರಿ, ನೋಡೀರಿಲ್ಲ? ಗೇಟ್ ಬಂದ್ ಮಾಡಿದ್ರೂ ಸಂದ್ಯಾಗಿಂದ ನೀರು ಜಿನುಗ್ತದ. ಜಿನುಗೋದು ನೋಡಿ ಹೊಳಿ ಹರಿಯಾಕತ್ತದ ಅಂತೀರೇನು? ಹಿಂದ ಎಷ್ಟು ನಿಂತದ ನೋಡಬೇಕಿಲ್ಲ? ಈಕೀದೂ ಅದೇ. ಒಳಗ ಕಲ್ಲಾಗಿ ಕುಂತದ, ಬಾಜೂದಿಂದ ನೀರು ಬರಾಕತ್ತದ. ಇವರು ನೀರು ನೋಡ್ಯಾರ. ಹೊಟ್ಟಿ ಯಾರೂ ಮುಟ್ಟಿಲ್ರಿ."

ಅಂಗೈ ಇಟ್ಟು ತೋರಿಸಿದರು. ಗೌರಾಬಾಯಿ ಕಣ್ಣು ಮುಚ್ಚಿಕೊಂಡರು. ಹನ್ನೊಂದು ಜನ ಇದ್ದಾರೆ, ತಿಂಗಳಿಗೆ ಮೂವತ್ತು ದಾನಿಗಳು ಬರುತ್ತಾರೆ, ಎಲ್ಲರೂ ಈ ಮುದುಕಿಯ ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋಗುತ್ತಾರೆ. ಹೊಟ್ಟೆ ಮುಟ್ಟಿ ನೋಡಿದವರು ಇವರೊಬ್ಬರೇ. ನನಗೆ ಸಿಟ್ಟು ಬಂತು. ಐವತ್ತೆರಡು ವರ್ಷದಲ್ಲಿ ನನಗೆ ಬಂದ ಸಿಟ್ಟುಗಳೆಲ್ಲ ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಬಂದವು. ಇದು ಬೇರೆ.

ಸಿಟ್ಟಿನಲ್ಲೇ ಸತೀಶಕುಮಾರರ ಆಫೀಸಿಗೆ ನುಗ್ಗಿದೆ. ಅವರು ಎದ್ದು ನಿಂತು, ಸರ, ನಿಮ್ಮ ಹೋಳಿಗಿ ಅಂದ್ರ ಹೋಳಿಗಿ, ಮಾವನ ಜೋಕ್ ಇನ್ನೊಮ್ಮೆ ಹೇಳ್ರಿ, ನಮ್ಮ ಭಾವ ಬಂದಾರ ಅಂದರು. ಭಾವ ಕೂತಿದ್ದರು. ನಾನು... ಹೇಳಿದೆ. ಕೂತಲ್ಲೇ ಸ್ವಲ್ಪ ಕುಣಿದೂ ತೋರಿಸಿದೆ. ಹೊರಡುವಾಗ, ಒಂಬತ್ತನೇ ಮಂಚದ ಅಜ್ಜಿಯನ್ನ ಯಾರಿಗಾದ್ರೂ ತೋರಿಸ್ರಿ ಅಂತ ಚಪ್ಪಲಿ ಹಾಕಿಕೊಳ್ಳುತ್ತಾ ಅಂದೆ. ನೋಡೋಣ್ರಿ ಅಂದರು. ಆಳಂದ ಮುಟ್ಟುವ ತನಕ, ಎಲ್ಲವನ್ನೂ ನೋಡಿದ್ದ ಹೆಂಡತಿ ನನ್ನ ಜೊತೆ ಮಾತಾಡಲಿಲ್ಲ. ನಾನೂ ನನ್ನ ಜೊತೆ ಮಾತಾಡಲಿಲ್ಲ.

ಮಂಗಳವಾರ ಒಂಬತ್ತನೇ ತರಗತಿಯಲ್ಲಿ ಸಂಧಿ ಪಾಠ ಮಾಡುತ್ತಿದ್ದಾಗ ಫೋನು ಬಂತು. ಆಪಾ. ಭೇದಿಯ ಗುಳಿಗೆಯನ್ನು ನಾನು ಬಂದು ಹೋದ ಭಾನುವಾರ ಸಂಜೆಯೇ ತಾವಾಗಿ ನಿಲ್ಲಿಸಿದ್ದರಂತೆ. ಈಗ ಗೌರಾಬಾಯಿ ವಾಂತಿ ಮಾಡುತ್ತಿದ್ದಾರೆ, ಹೊಟ್ಟೆ ನಗಾರಿಯಾಗಿದೆ, ನೀರೂ ಒಳಗೆ ನಿಲ್ಲುತ್ತಿಲ್ಲ. ಬೆಳಿಗ್ಗೆಯಿಂದ ಸೆಕ್ರೆಟರಿಯ ಹಿಂದೆ ತಿರುಗಿದ್ದಾರೆ. ಇವತ್ತು ದೊಡ್ಡ ದಾನಿಗಳ ಕಾರ್ಯಕ್ರಮ ಇದೆ, ಅಂಬುಲೆನ್ಸ್ ಬಂದು ಸೈರನ್ ಹೊಡೆದರೆ ಮಂದಿ ಏನು ಅಂದುಕೊಳ್ಳುತ್ತಾರೆ, ಗುರುವಾರ ನೋಡೋಣ ಎಂದಿದ್ದಾರೆ. ಸೆಕ್ರೆಟರಿಯ ಚೀಟಿ ಇಲ್ಲದೆ ಯಾವ ಹಿರಿಯರನ್ನೂ ಹೊರಗೆ ಬಿಡಬಾರದೆಂದು ಗೇಟಿನವನಿಗೆ ಹೇಳಿಟ್ಟಿದ್ದಾರೆ. ಕರೆದ ಆಟೋ ಗೇಟಿನಿಂದಲೇ ವಾಪಸು ಹೋಗಿದೆ.

ನಾನು ಬಂದರೆ ಮಾತ್ರ ಬಿಡುತ್ತಾರೇನು ಎಂದು ಕೇಳಿದೆ.

"ನಿಮ್ಮ ಗಾಡಿ ಗೇಟಿನವನಿಗೆ ಗೊತ್ತದ ರೀ. ದಾನಿಗಳ ಗಾಡಿ ಒಳಗ ಬರುವಾಗ ಕೇಳಂಗಿಲ್ಲ, ಹೊರಗ ಹೋಗುವಾಗ ಸಲಾಮ್ ಹೊಡಿತಾನ."

ಹೆಡ್‌ಮಾಸ್ತರಿಗೆ ಹೊಟ್ಟೆ ಸರಿಯಿಲ್ಲ ಅಂತ ಹೇಳಿ ಅರ್ಧ ದಿನದ ರಜೆ ಹಾಕಿದೆ. ಅದೊಂದು ರಜೆ ಅರ್ಜಿಯಲ್ಲಿ ಮಾತ್ರ ನಾನು ನಿಜ ಬರೆದದ್ದು, ಹೊಟ್ಟೆ ಯಾರದು ಎಂಬುದನ್ನು ಬಿಟ್ಟು. ನರೋಣಾದಿಂದ ಅಫಜಲಪುರಕ್ಕೆ ನನ್ನ ಹಳೆಯ ಕಾರು ಅಷ್ಟು ಓಡುತ್ತದೆ ಎಂದು ಕಾರಿಗೇ ಗೊತ್ತಿರಲಿಲ್ಲ.

ಮೈಕಿನಲ್ಲಿ ಯಾರೋ ತಂದೆಯವರ ಗುಣಗಾನ ಮಾಡುತ್ತಿದ್ದರು. ಜಾಮೂನಿನ ಪಾಕದ ವಾಸನೆ. ಗೇಟಿನವ ಸಲಾಮು ಹೊಡೆದ. ಹಿಂದಿನ ಬಾಗಿಲಿನಿಂದ ಆಪಾ ಗೌರಾಬಾಯಿಯನ್ನು ಎರಡು ತೋಳ ಮೇಲೆ ಹಾಕಿಕೊಂಡು ಬಂದರು. ಐವತ್ತೆಂಟರ ಹೆಂಗಸು ಎಪ್ಪತ್ತೆಂಟರ ಹೆಂಗಸನ್ನು. ಹಿಂದೆ ಕಲ್ಯಾಣಪ್ಪ ಗೌರಾಬಾಯಿಯ ಚಪ್ಪಲಿ ಹಿಡಿದುಕೊಂಡು. ಅಷ್ಟರಲ್ಲಿ ಸತೀಶಕುಮಾರ ಓಡಿ ಬಂದು ಕಾರಿನ ಮುಂದೆ ನಿಂತರು. ಮೊದಲು ನಗುತ್ತಲೇ, ಏನ್ ಸರ, ಹೇಳ್ಲಾರದ ಬಂದೀರಿ ಅಂದರು. ಆಮೇಲೆ ಹಿಂದಿನ ಸೀಟು ನೋಡಿದರು. ಸಮಿತಿಯ ಪರವಾನಗಿ ಬೇಕು, ದಾರಿಯಲ್ಲಿ ಏನಾದರೂ ಆದರೆ ಜವಾಬ್ದಾರಿ ಯಾರು, ಕಾರ್ಯಕ್ರಮ ಮುಗಿಯಲಿ, ಒಂದು ತಾಸು ಅಷ್ಟೆ ಅಂದರು.

ನನ್ನ ಬಾಯಿಗೆ ಯಾವ ಜೋಕೂ ಬರಲಿಲ್ಲ. ಹುಡುಕಿದೆ ಕೂಡ, ಅಭ್ಯಾಸ. "ಗಾಡಿ ಮುಂದಿಂದ ಸರೀರಿ" ಅಂದೆ. ಅವರು ನಕ್ಕರು. ಹಾರ್ನ್ ಮೇಲೆ ಕೈ ಇಟ್ಟು ತೆಗೆಯಲೇ ಇಲ್ಲ ನಾನು. ಮೈಕಿನಲ್ಲಿ ಗುಣಗಾನ ನಿಂತಿತು, ಮಂದಿ ಎದ್ದು ನೋಡತೊಡಗಿದರು. ಸತೀಶಕುಮಾರ ಸರಿದರು. ಮುದುಕಿ ಸಾಯುತ್ತಾಳೆಂದು ಸರಿಯದವರು ಮಂದಿ ನೋಡುತ್ತಾರೆಂದು ಸರಿದರು. ಅದನ್ನು ನೆನೆದರೆ ಈಗಲೂ ನನ್ನ ಕೈ ಹಾರ್ನ್ ಹುಡುಕುತ್ತದೆ.

ಸರ್ಕಾರಿ ದವಾಖಾನೆಯಲ್ಲಿ ಡಾಕ್ಟರ್ ಫರಹತ ಅಂತ ಚಿಕ್ಕ ವಯಸ್ಸಿನವರು ಇದ್ದರು. ಮೊದಲು ಮಾಡಿದ ಕೆಲಸ, ಹೊಟ್ಟೆಯ ಮೇಲೆ ಕೈ ಇಟ್ಟದ್ದು. ಎಷ್ಟು ದಿನ ಅಂದರು. ಒಂಬತ್ತು ಅಂದರು ಆಪಾ. ಏನು ಕೊಟ್ಟೀರಿ ಅಂದರು. ಆಪಾ ಸೆರಗಿನ ಗಂಟು ಬಿಚ್ಚಿ ಗುಳಿಗೆಯ ಪಟ್ಟಿಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟರು. ಮೂರನೆಯದನ್ನು ನೋಡಿದ ಡಾಕ್ಟರು ಅದನ್ನೆತ್ತಿ ನನ್ನ ಮುಖದ ಮುಂದೆ ಹಿಡಿದರು. ಕಾರು ತಂದವನು, ಕನ್ನಡಕ ಇದ್ದವನು. ಆಶ್ರಮದ ಯಜಮಾನ ನಾನೇ ಎಂದುಕೊಂಡಿರಬೇಕು.

"ಒಳಗ ಕಟ್ಟಿ ನಿಂತದ, ಮ್ಯಾಲ ಇದು ಕೊಟ್ಟೀರಿ. ಇನ್ನೆರಡು ದಿನ ಬಿಟ್ಟಿದ್ರ ಕರಳು ಹರೀತಿತ್ತು. ವಯಸ್ಸಾತು, ಹಂಗೇ ಇರ್ತದ ಅಂತ ಹೇಳಬ್ಯಾಡ್ರಿ ನನಗ. ಇದು ವಯಸ್ಸಿನದಲ್ಲ, ನೀವು ಮಾಡಿದ್ದು."

ನಾನಲ್ಲ ಅನ್ನಬಹುದಿತ್ತು. ಅನ್ನಲಿಲ್ಲ. ಆ ಬೈಗಳಲ್ಲಿ ನನ್ನ ಪಾಲೂ ಇತ್ತು.

ಸಲೈನ್ ಹಚ್ಚಿದರು, ಎಕ್ಸ್-ರೇ ತೆಗೆದರು, ಸದ್ಯ ಕರಳಿಗೆ ಏನೂ ಆಗಿಲ್ಲ ಅಂದರು. ಎಣ್ಣೆಯ ಎನಿಮಾ ಕೊಟ್ಟು ಮೆತ್ತಗೆ ಮಾಡಿ ಕೈಯಿಂದಲೇ ತೆಗೆಯಬೇಕು, ನಿಧಾನಕ್ಕೆ, ಗಾಯವಾಗದ ಹಾಗೆ. ಮೂರು ವಾರ್ಡಿಗೆ ಒಬ್ಬರೇ ನರ್ಸ್. ಗೌರಾಬಾಯಿ ಹೊಸ ಕೈ ಸೋಕಿದರೆ ಬಿಗಿದುಕೊಳ್ಳುತ್ತಿದ್ದರು. ಡಾಕ್ಟರು ಆಪಾನನ್ನು ಮೊದಲು ಮಾಡಿದ್ದೀರೇನು ಎಂದು ಕೇಳಿದರು. ಹತ್ತೊಂಬತ್ತು ವರ್ಷ ಅಂದರು ಆಪಾ. ಮೊಣಕೈ ತನಕ ಕೈ ತೊಳೆದು ಗ್ಲೌಸ್ ಹಾಕಿಕೊಂಡರು. ಡಾಕ್ಟರು ಪಕ್ಕದಲ್ಲಿ ನಿಂತರು. ಪರದೆ ಎಳೆದರು.

ನಾನು ಹೊರಗೆ ಬೆಂಚಿನ ಮೇಲೆ ಎರಡು ತಾಸು ಕೂತೆ. ಪರದೆಯ ಹಿಂದಿನಿಂದ ಆಪಾನ ದನಿಯೊಂದೇ ಬರುತ್ತಿತ್ತು: ಇನ್ನೊಂದ ಸ್ವಲ್ಪ ಅವ್ವಾ, ಉಸಿರು ಬಿಡವ್ವಾ, ನಾ ಅದೇನಿ. ಅವ್ವ ಅಂತ ಅಷ್ಟು ಸಲ ನಾನು ನನ್ನ ತಾಯಿಗೂ ಅಂದಿರಲಿಕ್ಕಿಲ್ಲ. ಎದುರು ಗೋಡೆಯ ಮೇಲೆ ಹಣ್ಣು ತರಕಾರಿ ತಿನ್ನಿರಿ ಎಂಬ ಚಿತ್ರ. ಅದನ್ನು ನೋಡುತ್ತಾ, ಮಾವನ ಜೋಕಿಗೆ ಇದುವರೆಗೆ ಎಷ್ಟು ಊರಲ್ಲಿ ಚಪ್ಪಾಳೆ ಬಿದ್ದಿದೆ ಎಂದು ಊರಿನ ಹೆಸರು ನೆನೆಸಿಕೊಳ್ಳುತ್ತಾ ಹೋದೆ. ನಡುವೆ ನಿಲ್ಲಿಸಿಬಿಟ್ಟೆ.

ಆಮೇಲೆ ಪರದೆಯ ಹಿಂದಿನಿಂದ ಇನ್ನೊಂದು ದನಿ ಬಂತು. ಮೊದಲು ಗೊಗ್ಗರು, ಆಮೇಲೆ ಸ್ಪಷ್ಟ.

"ಎಲ್ಲಿ ಸತ್ತಾನ ಬೇ ಆ ಸತೀಶ್ಯಾ? ಅವನ ಹೋಳಿಗಿಗಿ ಬೆಂಕಿ ಹಚ್ಚ. ಒಂದು ರೊಟ್ಟಿ ಹಾಕ್ರೋ ಅಂದ್ರ ಮೈದಾ ಮೆತ್ತಿ ಕೊಲ್ಲಾಕ ನಿಂತಾನ, ಬಾಡ್ಯಾ."

ಹೋಳಿಗೆ ನನ್ನದಾಗಿತ್ತು. ತಿದ್ದಲು ಹೋಗಲಿಲ್ಲ. ಆಪಾ ಪರದೆ ಸರಿಸಿ ಹೊರಗೆ ಬಂದರು, ಕೈ ತೊಳೆದರು, ಬೆಂಚಿನ ಆ ತುದಿಗೆ ಕೂತು ಕಣ್ಣು ಮುಚ್ಚಿದರು. ಒಳಗೆ ಬೈಗಳು ಅಡುಗೆಯವನನ್ನು ಮುಗಿಸಿ ಕಲ್ಯಾಣಪ್ಪನ ಗೊರಕೆಗೆ ಬಂದಿತ್ತು. ಆಪಾನ ಮುಖದಲ್ಲಿ ಅಂದು ಮೊದಲ ಸಲ ನಗು ನೋಡಿದೆ.

ಗೌರಾಬಾಯಿ ನಾಲ್ಕು ದಿನ ದವಾಖಾನೆಯಲ್ಲಿದ್ದು ವಾಪಸು ಬಂದರು. ಅದರ ಮರುದಿನವೇ ಸಮಿತಿ ಸಭೆ. ಕುಲಸುಮಬಿಗೆ ನೋಟೀಸು. ಒಂದು, ಡಾಕ್ಟರ ಗುಳಿಗೆಯನ್ನು ಮನಸ್ಸಿಗೆ ಬಂದ ಹಾಗೆ ನಿಲ್ಲಿಸಿದ್ದು. ಎರಡು, ಅನುಮತಿ ಇಲ್ಲದೆ ಹಿರಿಯರನ್ನು ಸಾಗಿಸಿದ್ದು. ಮೂರು, ಮುಚ್ಚಳ ಹಾಕದೆ ಮುಖ್ಯ ಅತಿಥಿಯನ್ನು ಅವಮಾನಿಸಿದ್ದು. ಮೂರನೆಯದಕ್ಕೆ ಸಾಕ್ಷಿ ಹೇಳಲು ನನ್ನನ್ನೇ ಕರೆಸಿದ್ದರು.

ಹೋದೆ. ರಾತ್ರಿಯೆಲ್ಲ ಬೈಗಳು ಬರೆದುಕೊಂಡು ಹೋಗಿದ್ದೆ. ಎದ್ದು ನಿಂತು, ಆ ಒಂಬತ್ತು ದಿನದಲ್ಲಿ ಒಂದು ಹೋಳಿಗೆ ನನ್ನದೂ ಇದೆ, ಆಪಾಗೆ ನೋಟೀಸು ಕೊಡುವುದಾದರೆ ನನಗೂ ಕೊಡಿ, ಈ ಹನ್ನೊಂದು ಜನರಿಗೂ ಕೊಡಿ, ನೀರಿಗೆ ಬೀಗ ಹಾಕಿದ ಕೈಗೆ ಮೊದಲು ಕೊಡಿ ಎಂದೆ. ಅಧ್ಯಕ್ಷರು ನಕ್ಕರು. ಉಳಿದವರೂ ನಕ್ಕರು. ಮಾಸ್ತರ ಚಲೋ ಹೇಳ್ತಾರ ಅಂದರು ಒಬ್ಬರು. ಮೂವತ್ತು ವರ್ಷ ಮಂದಿಯನ್ನು ನಗಿಸಿದವನ ಸಿಟ್ಟಿಗೆ ಇದೇ ಗತಿ, ಬೈದರೂ ಚಪ್ಪಾಳೆ. ಕೂತೆ. ಅಷ್ಟು ಸಣ್ಣವನಾಗಿ ನಾನು ಆ ಕುರ್ಚಿಯೊಳಗೆ ಬಿದ್ದಾಗಲೂ ಕೂತಿರಲಿಲ್ಲ.

ಅಧ್ಯಕ್ಷರು ಆಪಾನ ಕಡೆ ತಿರುಗಿ, ಇಂಥಾ ಹೊಲಸು ವಿಷಯ ದಾನಿಗಳ ಕಿವಿಗೆ ಹೋಯಿತಲ್ಲ, ಸಂಸ್ಥೆಯ ಮರ್ಯಾದೆ ಏನಾಗಬೇಕು ಎಂದರು. ಬಾಗಿಲ ಬಳಿ ನಿಂತಿದ್ದ ಆಪಾ ಒಳಗೆ ಬಂದರು. ಮೇಜಿನ ಈ ತುದಿಯಿಂದ ಶುರು ಮಾಡಿದರು. ಮೊದಲನೆಯವರ ಮುಂದೆ ನಿಂತು, ಬೆಳಗಿನ ಸುತ್ತಿನಲ್ಲಿ ಕೇಳುವ ಅದೇ ದನಿಯಲ್ಲಿ, "ಸಾಹೇಬ್ರ, ನಿಮ್ದು ಇವತ್ತು ಆತಾ?" ಎಂದರು. ಅವರು ಕಾಗದ ತಿರುವಿದರು. ಎರಡನೆಯವರ ಮುಂದೆ ಹೋಗಿ ಕೇಳಿದರು. ಮೂರನೆಯವರು ಕೇಳುವ ಮೊದಲೇ ಆತು ಅಂದುಬಿಟ್ಟರು. ಹೀಗೆ ಹನ್ನೊಂದು ಜನ. ಯಾರಿಗೂ ನಗು ಬರಲಿಲ್ಲ. ಕೊನೆಗೆ ಅಧ್ಯಕ್ಷರ ಮುಂದೆ ನಿಂತರು. ಅಧ್ಯಕ್ಷರು ಸಕ್ಕರೆ ಕರಗಿ ಎಷ್ಟೋ ಹೊತ್ತಾಗಿದ್ದ ಚಹಾ ಕಲಕುತ್ತಿದ್ದರು.

"ಒಂದಿನ ಆಗ್ಲಿಲ್ಲಂದ್ರ ನೀವು ಮನ್ಯಾಗ ಹೆಂಗಿರ್ತೀರಿ ಅಂತ ನಿಮ್ಮ ಹೇಣ್ತ್ಯಾರಿಗೆ ಕೇಳ್ರಿ. ಆಕೀದು ಒಂಬತ್ತು ದಿನ ರೀ. ಕೇಳಾಕ ಆಕಿ ಬಾಯಿ ಬಂದ್ ಆಗಿತ್ತು, ಅದಕ್ಕ ನಾ ಕೇಳಾಕತ್ತೇನಿ."

ಹೇಳಿ ಹೊರಗೆ ಹೋದರು. ಸಂಜೆ ನಾಲ್ಕಾಗಿತ್ತು; ನೀರಿನ ಕೊಡದ ಪಕ್ಕ ಹೋಗಿ ಕೂತರು. ಬೀಗ ತಂದವನು ಅವರ ಮುಖ ನೋಡಿ ವಾಪಸು ಹೋದ.

ಸಭೆಯಲ್ಲಿ ಆದ ಠರಾವು ಇಷ್ಟು: ಕುಲಸುಮಬಿಯನ್ನು ಕೆಲಸದಿಂದ ತೆಗೆಯುವುದು, ಬದಲಿ ಆಯಾ ಸಿಕ್ಕ ಕೂಡಲೇ. ಹನ್ನೊಂದು ಕೈ ಎದ್ದವು. ಜೀವ ಉಳಿಸಿದ್ದಕ್ಕೆ ಇಷ್ಟು ಒಮ್ಮತ ನಾನು ಬೇರೆಲ್ಲೂ ಕಂಡಿಲ್ಲ.

ಅದೇ ವಾರ ಡಾಕ್ಟರ್ ಫರಹತ ಎಲ್ಲವನ್ನೂ ಬರೆದು ಇಲಾಖೆಗೆ ಕಳಿಸಿದರು. ಮೇಲಿನಿಂದ ಒಬ್ಬರು ಬಂದು ನೋಡಿ ಹೋದರು. ಕರುಣೆಯಿಂದ ಆಗದ ಕೆಲಸ ಹೆದರಿಕೆಯಿಂದ ಅರ್ಧದಷ್ಟು ಆಯಿತು. ವಾರದಲ್ಲಿ ನಾಲ್ಕು ದಿನ ಆಶ್ರಮದ್ದೇ ಒಲೆ: ಸಾರಿನಲ್ಲಿ ನೆನೆಸಿದ ರೊಟ್ಟಿ, ಸೊಪ್ಪು, ನುಚ್ಚು. ನಮ್ಮ ತಂದೆಯವರ ಪುಣ್ಯತಿಥಿಗೆ ಪುಂಡಿಪಲ್ಯಾನಾ ಎಂದು ಮುನಿಸಿಕೊಂಡು ಹೋದ ದಾನಿಗಳಿದ್ದಾರೆ. ಹೋಗಲಿ. ಡಾಕ್ಟರು ತಾವೇ ಬಂದು ಇಪ್ಪತ್ತೆಂಟು ಮಂದಿಯ ಗುಳಿಗೆಯನ್ನೂ ನೋಡಿ ಕೆಲವನ್ನು ನಿಲ್ಲಿಸಿದರು, ಕೆಲವರಿಗೆ ದಿನಾ ಕುಡಿಯುವ ಔಷಧ ಬರೆದರು. ಪಾಯಖಾನೆ ಮಾತ್ರ ಅಂಗಳದ ಆ ತುದಿಯಲ್ಲೇ ಇದೆ. ಅದಕ್ಕೆ ದಾನಿಗಳು ಸಿಕ್ಕಿಲ್ಲವಂತೆ. ಪಾಯಖಾನೆಯ ಗೋಡೆಗೆ ಅಪ್ಪನ ಹೆಸರು ಬರೆಸಲು ಯಾರೂ ಒಪ್ಪುತ್ತಿಲ್ಲ.

ಒಂದೂವರೆ ತಿಂಗಳಾದ ಮೇಲೆ, ಭಾಷಣ ಇಲ್ಲದೆ, ಹಾರ ಇಲ್ಲದೆ, ಒಂದು ಚೀಲ ಜೋಳದ ಹಿಟ್ಟು ತಗೊಂಡು ಹೋದೆ. ಗೌರಾಬಾಯಿ ಹಿಟ್ಟನ್ನು ಬೆರಳಲ್ಲಿ ತಿಕ್ಕಿ ನೋಡಿ, ಇದು ಯಾವ ಕುರುಡ ಬೀಸ್ಯಾನ ಎಂದು ಬೈದರು. ಆಪಾ ಕೊಠಡಿಯಿಂದ ಕೊಠಡಿಗೆ ಬಕೆಟ್ ಹಿಡಿದು ಓಡಾಡುತ್ತಿದ್ದರು. ಅವರು ಇನ್ನೂ ಅಲ್ಲೇ ಇರುವುದು ನೋಡಿ ನನಗೆ ಸಮಾಧಾನವೂ ಆಯಿತು, ಆಶ್ಚರ್ಯವೂ ಆಯಿತು. ಬದಲಿ ಆಯಾ ಸಿಕ್ಕ ಕೂಡಲೇ ತೆಗೆಯುತ್ತೇವೆ ಎಂದು ಬರೆದುಕೊಟ್ಟಿದ್ದರಲ್ಲ, ಬದಲಿಗೆ ಯಾರೂ ಬರಲೇ ಇಲ್ಲವೇನು ಎಂದು ಕೇಳಿದೆ.

ಆಪಾ ಬಕೆಟ್ ಕೆಳಗಿಟ್ಟರು.

"ನಾಲ್ಕು ಮಂದಿ ಬಂದಿದ್ರು ರೀ. ಕೆಲಸ ಏನು ಅಂತ ಕೇಳಿದ್ರು. ಸೆಕ್ರೆಟರಿ ಸಾಹೇಬ್ರು ಹೇಳಿದ್ರು."